ಕೀಬೋರ್ಡ್ ತಗೊಳ್ಳೋದಾ, ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿಸೋದಾ? ಲಕ್ಷ ರೂಪಾಯಿ ಕೊಡೋ ಮೊದಲು ಈ ಲೆಕ್ಕ ನೋಡಿ

ಮಾಯಸಂದ್ರ: ಸಂಕ್ರಾಂತಿ ಕಳೆದು ಜಾತ್ರೆಗಳು ಶುರುವಾದರೆ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’, ‘ಶನಿಮಹಾತ್ಮೆ’ ನಾಟಕಗಳ ಪೋಸ್ಟರ್ ಗೋಡೆ ಏರುತ್ತವೆ. ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುವ ಈ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಈಗ ಕೀಬೋರ್ಡ್‌ಗೂ ಒಂದು ಜಾಗ ಸಿಕ್ಕಿದೆ. ಮದುವೆ ಆರತಕ್ಷತೆಯ ಆರ್ಕೆಸ್ಟ್ರಾ, ಗಣಪತಿ ಕೂರಿಸುವ ಸಂಘದವರ ರಸಮಂಜರಿ, ದೇವಸ್ಥಾನದ ಭಜನೆ, ಎಲ್ಲಕ್ಕೂ ಅದೇ ಬೇಕು. ನುಡಿಸುವವರಿಗೂ, ಶಾಮಿಯಾನ-ಸೌಂಡ್ಸ್ ಜತೆ ಕೀಬೋರ್ಡನ್ನೂ ಬಾಡಿಗೆಗೆ ಕೊಡುವ ಅಂಗಡಿಯವರಿಗೂ ಈಗ ಇರುವ ಪ್ರಶ್ನೆ ಒಂದೇ. ಹಳೇ ಕೀಬೋರ್ಡ್ ಸವೆದಿದೆ. ಹೊಸ ವರ್ಕ್‌ಸ್ಟೇಷನ್‌ಗೆ ದುಡ್ಡು ಹಾಕೋದಾ, ಇಲ್ಲ ಲ್ಯಾಪ್‌ಟಾಪ್ ತಗೊಂಡು ಸಾಫ್ಟ್‌ವೇರ್‌ನಲ್ಲೇ ಎಲ್ಲಾ ಟೋನ್ ತುಂಬಿಸಿಕೊಳ್ಳೋದಾ?

ತೆಂಗಿನ ಸೀಮೆಯಲ್ಲಿ ದೊಡ್ಡ ಖರ್ಚನ್ನು ಕೊಬ್ಬರಿಯಲ್ಲೇ ಅಳೆಯೋದು ರೂಢಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಒಂದೂವರೆ ಲಕ್ಷದ ಕೀಬೋರ್ಡ್ ಅಂದರೆ ಹನ್ನೆರಡು ಕ್ವಿಂಟಲ್‌ಗೂ ಮೇಲೆ ಕೊಬ್ಬರಿ. ಪೇಟೆಯಲ್ಲಿ ರೇಟು ಏರಿದ್ದಾಗ ಈ ಲೆಕ್ಕ ಹಗುರ ಕಾಣುತ್ತೆ, ಇಳಿದಾಗ ಕಂತು ಕಟ್ಟೋದು ಭಾರ ಆಗುತ್ತೆ. ಹಾಗಾಗಿ ಯೂಟ್ಯೂಬ್ ನೋಡಿ ಆಸೆಪಟ್ಟು ಕೊಳ್ಳುವ ಸಾಮಾನು ಇದಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ದೊಡ್ಡ ಕೀಬೋರ್ಡ್‌ಗೆಲ್ಲಾ ‘ವರ್ಕ್‌ಸ್ಟೇಷನ್’ ಅಂದುಬಿಡುತ್ತಾರೆ. ಎಡಗೈಯಲ್ಲಿ ಒಂದು ಕಾರ್ಡ್ ಒತ್ತಿದರೆ ತಾಳ, ಬೇಸ್, ಹಿಮ್ಮೇಳ ಎಲ್ಲಾ ತಾನಾಗಿ ಬರುವಂಥದ್ದು ಅರೇಂಜರ್. ಯಮಹಾ ಪಿಎಸ್‌ಆರ್-ಎಸ್‌ಎಕ್ಸ್ ಸಾಲು, ಕೊರ್ಗ್ ಪಿಎ ಸಾಲು ಈ ಜಾತಿಯವು. ಟೋನ್‌ಗಳನ್ನು ಒಳಗೇ ತಿದ್ದಿ, ಒಂದರ ಮೇಲೊಂದು ಟ್ರ್ಯಾಕ್ ಹಾಕಿ ಇಡೀ ಹಾಡನ್ನೇ ಕಟ್ಟಬಹುದಾದದ್ದು ವರ್ಕ್‌ಸ್ಟೇಷನ್. 1988ರಲ್ಲಿ ಬಂದ ಕೊರ್ಗ್ ಎಂ1 ಈ ಮಾತನ್ನು ಜನಪ್ರಿಯ ಮಾಡಿದ ಯಂತ್ರ. ಅದರ ಎಲ್ಲಾ ವಾದ್ಯದ ನಾದ ಸೇರಿ ಇದ್ದದ್ದು ಬರೀ 4 ಎಂಬಿ. ಇವತ್ತು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತೆ. ಈಗ ಸಾಫ್ಟ್‌ವೇರ್‌ಗೆ ಹಾಕಿಕೊಳ್ಳುವ ಒಂದೇ ಒಂದು ಪಿಯಾನೋ ನಾದ ಎಷ್ಟೋ ಜಿಬಿ ಇರುತ್ತೆ. ‘ಕಂಪ್ಯೂಟರ್ ಸೌಂಡೇ ಬೇರೆ ಸಾರ್’ ಅನ್ನೋ ಮಾತಿನ ಮೂಲ ಇದೇ, ಸುಳ್ಳಲ್ಲ.

ಹಾಗಂತ ಕೀಬೋರ್ಡ್ ಬೇರೆ, ಕಂಪ್ಯೂಟರ್ ಬೇರೆ ಅನ್ನೋದೂ ಪೂರ್ತಿ ಸರಿಯಲ್ಲ. 2011ರಲ್ಲಿ ಬಂದ ಕೊರ್ಗ್ ಕ್ರೋನೋಸ್‌ನ ಒಳಗೆ ಇದ್ದದ್ದು ಇಂಟೆಲ್ ಆಟಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಅದೂ ಕಂಪ್ಯೂಟರೇ. ಒಂದೇ ವ್ಯತ್ಯಾಸ: ಆ ಕಂಪ್ಯೂಟರ್‌ಗೆ ಸಂಗೀತ ಬಿಟ್ಟು ಬೇರೆ ಕೆಲಸ ಇಲ್ಲ. ವಾಟ್ಸಾಪ್ ಬರಲ್ಲ, ವಿಂಡೋಸ್ ಅಪ್‌ಡೇಟ್ ಕೇಳಲ್ಲ, ಮಗ ಅದರಲ್ಲಿ ಗೇಮ್ ಹಾಕಲ್ಲ. ವೇದಿಕೆ ಮೇಲೆ ಕೂರುವವನಿಗೆ ಇದರ ಬೆಲೆ ಗೊತ್ತಿರುತ್ತೆ.

‘ಸಾಫ್ಟ್‌ವೇರ್ ಅಗ್ಗ’ ಅನ್ನೋರು ಒಂದು ವಿಷಯ ಮರೆತಿರುತ್ತಾರೆ. ಮನೇಲಿ ಒಳ್ಳೇ ಲ್ಯಾಪ್‌ಟಾಪ್ ಆಗಲೇ ಇದ್ದರೆ ಅದು ಅಗ್ಗ. ಸೊನ್ನೆಯಿಂದ ಶುರು ಮಾಡಿದರೆ ಅಲ್ಲ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗೆ ಸುಮಾರು 60 ಸಾವಿರ ಇಡಿ. ಸದ್ದು ಹೊರಗೆ ಕಳಿಸಲು ಆಡಿಯೋ ಇಂಟರ್‌ಫೇಸ್ ಅನ್ನೋ ಪೆಟ್ಟಿಗೆಗೆ ಹತ್ತು ಸಾವಿರದ ಆಸುಪಾಸು. ನುಡಿಸಲು ಮನೆಗಳು ಬೇಕಲ್ಲ, 61 ಮನೆಯ ಮಿಡಿ ಕಂಟ್ರೋಲರ್‌ಗೆ 15ರಿಂದ 25 ಸಾವಿರ. ಇಲ್ಲಿಗೇ 90 ಸಾವಿರದ ಹತ್ತಿರ ಬಂತು. ಇನ್ನೂ ಸಾಫ್ಟ್‌ವೇರ್‌ಗೆ ಕೈ ಹಾಕಿಲ್ಲ. ಇನ್ನೊಂದು ಕಡೆ, ಭಾರತೀಯ ವಾದ್ಯಗಳ ಟೋನ್ ಇಟ್ಟುಕೊಂಡೇ ಬರುವ ರೋಲ್ಯಾಂಡ್ ಎಕ್ಸ್‌ಪಿಎಸ್-30ರಂಥ ಮಧ್ಯಮ ದರ್ಜೆಯ ಕೀಬೋರ್ಡ್ ಲಕ್ಷದ ಒಳಗೇ ಸಿಗುತ್ತೆ. ದೊಡ್ಡ ಅರೇಂಜರ್‌ಗಳು ಒಂದೂವರೆ ಲಕ್ಷ ದಾಟುತ್ತವೆ, ಮೇಲ್ದರ್ಜೆಯ ವರ್ಕ್‌ಸ್ಟೇಷನ್‌ಗಳು ಅದಕ್ಕೂ ಮೇಲೆ. ದರ ತಿಂಗಳಿಗೊಂದು ಥರ ಇರುವುದರಿಂದ ಎರಡು ಅಂಗಡಿಯಲ್ಲಾದರೂ ಕೇಳಿ.

ಈಗ ನಾಟಕದ ವಿಷಯ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ಇದು, ಇಲ್ಲಿ ರಂಗಗೀತೆ ನುಡಿಸೋದು ಆರ್ಕೆಸ್ಟ್ರಾ ನುಡಿಸಿದ ಹಾಗಲ್ಲ. ದುರ್ಯೋಧನನ ಪಾತ್ರಧಾರಿ ಕಂದಪದ್ಯ ಎತ್ತಿಕೊಂಡರೆ ಅದಕ್ಕೆ ಗಡಿಯಾರದ ತಾಳ ಇಲ್ಲ, ಅವನು ಎಳೆದಷ್ಟು ಎಳೆಯಬೇಕು. ಒನ್ಸ್‌ಮೋರ್ ಬಿದ್ದರೆ ಇನ್ನೊಂದು ಸಲ ಹೇಳುತ್ತಾನೆ. ತಬಲದವರು ಪಕ್ಕದಲ್ಲೇ ಇರುತ್ತಾರೆ. ಅಂದಮೇಲೆ ಅರೇಂಜರ್‌ನ ಅತಿ ದುಬಾರಿ ಭಾಗವಾದ ತಾನಾಗಿ ಬರುವ ತಾಳ-ಹಿಮ್ಮೇಳಕ್ಕೆ ಪೌರಾಣಿಕ ನಾಟಕದಲ್ಲಿ ಕೆಲಸವೇ ಇಲ್ಲ. ಬರೀ ನಾಟಕಕ್ಕೆ ಹೋಗುವವರು ಅದಕ್ಕೆ ಒಂದೂವರೆ ಲಕ್ಷ ಕೊಡೋದು ದಂಡ. ಅವರಿಗೆ ಬೇಕಾದ್ದು ಶಹನಾಯಿ, ಕೊಳಲು, ಪಿಟೀಲಿನ ಒಳ್ಳೆ ಟೋನ್. ಸ್ವರ ಜಾರಿಸಲು ಬೆಂಡರ್ ಚಕ್ರ. ಮತ್ತೆ ಕೈಗೆ ತಕ್ಷಣ ಸಿಗುವ ಟ್ರಾನ್ಸ್‌ಪೋಸ್ ಗುಂಡಿ. ಕೃಷ್ಣನ ಪಾತ್ರದವರದ್ದು ಒಂದು ಶ್ರುತಿ, ಭೀಮನದ್ದು ಇನ್ನೊಂದು. ಒಂದೇ ರಾತ್ರಿಯಲ್ಲಿ ಹತ್ತಾರು ಸಲ ಶ್ರುತಿ ಬದಲಾಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಅದನ್ನು ಮೌಸ್ ಹಿಡಿದು ಹುಡುಕುವ ಹೊತ್ತಿಗೆ ಭೀಮ ಗದೆ ಹೊತ್ತು ಒಳಗೆ ಹೋಗಿರುತ್ತಾನೆ.

ಆರತಕ್ಷತೆ, ರಸಮಂಜರಿಗೆ ಹೋಗುವವರ ಕಥೆ ಬೇರೆ. ನಾಲ್ಕು ಜನ ಮಾಡುವ ಕೆಲಸವನ್ನು ಒಬ್ಬರೇ ಮಾಡಬೇಕಾದಾಗ ಅರೇಂಜರ್ ತಾನೇ ದುಡಿದು ದುಡ್ಡು ವಾಪಸ್ ಕೊಡುತ್ತೆ. ಚಿಕ್ಕದಾಗಿ ಶುರು ಮಾಡುವವರಿಗೆ ಯಮಹಾದ ‘ಪಿಎಸ್‌ಆರ್-ಐ’ ಸಾಲಿನಲ್ಲಿ ತಬಲ, ತಂಬೂರಿ ಇರುವ, ಭಾರತಕ್ಕೆಂದೇ ಮಾಡಿದ ಮಾದರಿಗಳಿವೆ.

ಕರೆಂಟ್ ವಿಷಯಕ್ಕೆ ಬಂದರೆ ಎಲ್ಲರೂ ಅಂದುಕೊಂಡಿದ್ದಕ್ಕೆ ಉಲ್ಟಾ. ರಾತ್ರಿ ಲೈನ್ ಹೋಗಿ ಜನರೇಟರ್‌ಗೆ ಬದಲಾಯಿಸುವ ಅರೆಕ್ಷಣದಲ್ಲಿ ಕೀಬೋರ್ಡ್ ಸತ್ತುಹೋಗುತ್ತೆ, ಲ್ಯಾಪ್‌ಟಾಪ್ ಬದುಕಿರುತ್ತೆ, ಅದಕ್ಕೆ ಬ್ಯಾಟರಿ ಇದೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಇಂಟರ್‌ಫೇಸೂ ಬದುಕಿರುತ್ತೆ. ಚಿಕ್ಕ ಕೀಬೋರ್ಡ್‌ಗಳು ಮತ್ತೆ ಆನ್ ಮಾಡಿದರೆ ಬೇಗ ಎದ್ದು ಕೂರುತ್ತವೆ. ಕ್ರೋನೋಸ್‌ನಂಥ ದೊಡ್ಡ ಯಂತ್ರ ಪೂರ್ತಿ ಸಿದ್ಧವಾಗಲು ನಿಮಿಷಗಳೇ ಹಿಡಿಯುತ್ತವೆ. ಆ ನಿಮಿಷಗಳಲ್ಲಿ ಪೆಂಡಾಲಿನಲ್ಲಿ ಏಳುವ ಶಿಳ್ಳೆ ಕೇಳಿದವರಿಗೆ ಗೊತ್ತು. ಇದಕ್ಕೆ ಮದ್ದು ಸುಲಭ: ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಕೀಬೋರ್ಡ್ ಕೆಳಗೆ ಇಟ್ಟುಕೊಳ್ಳುವುದು. ಕೀಬೋರ್ಡ್ ಬಾಡಿಗೆಗೆ ಕೊಡುವ ಅಂಗಡಿಯವರು ಯುಪಿಎಸ್ ಜತೆಗೇ ಕೊಟ್ಟರೆ ನಾಳೆ ‘ನಿಮ್ ಮಾಲು ಸರಿ ಇಲ್ಲ’ ಅನ್ನೋ ಜಗಳವೂ ಇಲ್ಲ.

ಲ್ಯಾಪ್‌ಟಾಪ್ ಸೋಲುವುದು ಇನ್ನೊಂದು ಕಡೆ. ಮನೆ ಒತ್ತಿದ ಮೇಲೆ ನಾದ ಬರಲು ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಇದನ್ನು ಲೇಟೆನ್ಸಿ ಅಂತಾರೆ. ಕಂಪ್ಯೂಟರ್ ನಾದವನ್ನು ಸೆಕೆಂಡಿಗೆ 44,100 ಚೂರು ಮಾಡಿ, ಕಂತೆ ಕಟ್ಟಿ ಕಳಿಸುತ್ತೆ. ಕಂತೆಗೆ 1,024 ಚೂರು ಇಟ್ಟರೆ ಅಲ್ಲೇ ಸುಮಾರು 23 ಮಿಲಿಸೆಕೆಂಡ್ ತಡ. ಎಂಟು ಮೀಟರ್ ಆಚೆ ಇರುವ ಬಾಕ್ಸ್‌ನಿಂದ ನಮ್ಮದೇ ನಾದ ಕೇಳಿಸಿಕೊಂಡ ಹಾಗೆ. ತಬಲದ ಜತೆ ಬೆರಳು ಕೂರಲ್ಲ. 256ಕ್ಕೆ ಇಳಿಸಿದರೆ ತಡ 6 ಮಿಲಿಸೆಕೆಂಡ್‌ಗೆ ಬರುತ್ತೆ, ಕೈಗೆ ಗೊತ್ತಾಗಲ್ಲ. ಆದರೆ ಪ್ರೊಸೆಸರ್ ಮೇಲೆ ಒತ್ತಡ ಏರಿ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ‘ಟಪ ಟಪ’ ಸದ್ದು ಶುರು. ಇಂಟರ್‌ಫೇಸ್‌ಗೆ ದುಡ್ಡು ಹಾಕಬೇಕು ಅನ್ನೋದು ಇದಕ್ಕೇ. ಅದರ ಜತೆ ಬರುವ ಆಸಿಯೋ ಡ್ರೈವರ್ ಈ ತಡವನ್ನು ಹಿಡಿತದಲ್ಲಿಡುತ್ತೆ. ಇಂಟರ್‌ಫೇಸ್ ಬೇಡ, ಇಯರ್‌ಫೋನ್ ತೂತಿನಿಂದಲೇ ಮಿಕ್ಸರ್‌ಗೆ ಕೊಡ್ತೀನಿ ಅನ್ನೋರು ವೇದಿಕೆ ಹತ್ತದಿರುವುದು ವಾಸಿ.

ರೆಕಾರ್ಡಿಂಗ್ ಕೋಣೆಯಲ್ಲಿ ಮಾತ್ರ ಸಾಫ್ಟ್‌ವೇರ್‌ಗೆ ಎದುರಿಲ್ಲ. ದೇವರ ಹಾಡು, ಜಾನಪದ ಗೀತೆ ಮಾಡಿ ಯೂಟ್ಯೂಬ್‌ಗೆ ಹಾಕುವವರು, ಶಾಲಾ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಮಾಡಿಕೊಡುವವರು, ಚುನಾವಣೆ ಬಂದರೆ ಪ್ರಚಾರದ ಹಾಡು ಮಾಡುವವರು ಕೀಬೋರ್ಡ್‌ಗೆ ಲಕ್ಷ ಹಾಕಬೇಕಿಲ್ಲ. ಅಲ್ಲಿ ಹ್ಯಾಂಗ್ ಆದರೆ ಮತ್ತೆ ಆನ್ ಮಾಡಿ ಟೀ ಕುಡಿದು ಬರಬಹುದು, ಕಾಯುವ ಜನ ಇಲ್ಲ. ಹಾಡುಗಾರನ ದನಿ ತಿದ್ದೋದು, ಒಂದು ಸಾಲು ಕತ್ತರಿಸಿ ಇನ್ನೊಂದು ಕಡೆ ಇಡೋದು ಕೀಬೋರ್ಡ್‌ನ ಸಣ್ಣ ಪರದೆ ಮೇಲೆ ಯಾತನೆ. ರೀಪರ್ ಅನ್ನೋ ಸಾಫ್ಟ್‌ವೇರ್ 60 ದಿನ ಪೂರ್ತಿಯಾಗಿ ಬಳಸಿ ನೋಡಲು ಬಿಡುತ್ತೆ. ಆಮೇಲೆ ಸ್ವಂತ ಬಳಕೆಗೆ, ಸಣ್ಣ ವ್ಯವಹಾರಕ್ಕೆ ಲೈಸೆನ್ಸ್ 60 ಡಾಲರ್. ಎಫ್‌ಎಲ್ ಸ್ಟುಡಿಯೋ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳಿಗೆ ದುಡ್ಡಿಲ್ಲ. ಆದರೆ ಅದರ ಪುಕ್ಕಟೆ ಟ್ರಯಲ್‌ನಲ್ಲಿ ಉಳಿಸಿಟ್ಟ ಕೆಲಸವನ್ನು ಮತ್ತೆ ತೆರೆಯಲು ಆಗಲ್ಲ. ತಬಲ, ಢೋಲಕ್, ಶಹನಾಯಿಗೆ ಸ್ವರ್‌ಪ್ಲಗ್‌ನಂಥ ಪ್ರತ್ಯೇಕ ಪ್ಲಗಿನ್‌ಗಳೂ ಇವೆ.

ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ವಿಷಯ ಕ್ರ್ಯಾಕ್ ಸಾಫ್ಟ್‌ವೇರ್. ಪೆನ್‌ಡ್ರೈವ್‌ನಲ್ಲಿ ‘ಎಲ್ಲಾ ಪ್ಲಗಿನ್ ಐದುನೂರಕ್ಕೆ’ ಅಂತ ಹಾಕಿಕೊಡುವವರು ಇದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 63-ಬಿ ಕಲಂ ಪ್ರಕಾರ ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಬಳಸದೇ ಇದ್ದವರಿಗೆ ಕೋರ್ಟ್ ಜೈಲು ಬಿಟ್ಟು ದಂಡಕ್ಕೆ ಮುಗಿಸಬಹುದು, ಸ್ಟುಡಿಯೋ ಬೋರ್ಡ್ ಹಾಕಿಕೊಂಡವರಿಗೆ ಆ ರಿಯಾಯಿತಿ ಕಷ್ಟ. ಕಾನೂನು ಹಾಗಿರಲಿ, ಆ ಪೆನ್‌ಡ್ರೈವ್ ಜತೆ ವೈರಸ್ ಬರುತ್ತೆ. ಅಂಗಡಿಯ ಬಿಲ್ಲು, ಜಿಎಸ್‌ಟಿ, ಬ್ಯಾಂಕ್ ವ್ಯವಹಾರ ಎಲ್ಲಾ ಅದೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಕಳಕೊಳ್ಳೋದು ಹಾಡಷ್ಟೇ ಅಲ್ಲ.

ರಿಪೇರಿಯಲ್ಲಿ ಲ್ಯಾಪ್‌ಟಾಪ್‌ಗೆ ಒಂದು ಅಂಕ ಹೆಚ್ಚು. ಅದು ಕೆಟ್ಟರೆ ತಿಪಟೂರಿನಲ್ಲೇ ಸರಿಮಾಡಿಸಬಹುದು. ಕೀಬೋರ್ಡ್‌ನ ಬೋರ್ಡ್ ಸುಟ್ಟರೆ ಬೆಂಗಳೂರಿಗೆ ಹೊರಬೇಕು, ಬಿಡಿಭಾಗ ಬರುವವರೆಗೆ ಕಾಯಬೇಕು. ಆದರೆ ಐದು ವರ್ಷ ಬಿಟ್ಟು ಮಾರಿದರೆ ಒಳ್ಳೇ ಕೀಬೋರ್ಡ್‌ಗೆ ಗಿರಾಕಿ ಇರುತ್ತಾರೆ. ಐದು ವರ್ಷದ ಲ್ಯಾಪ್‌ಟಾಪ್ ಕೇಳೋರಿಲ್ಲ.

ದುಡಿಮೆಯ ಲೆಕ್ಕ ಹೀಗೆ ಹಾಕಿ. ಒಂದು ರಾತ್ರಿಗೆ ಊಟ, ಬಸ್ಸು ಕಳೆದು 1,500 ರೂಪಾಯಿ ಉಳಿಯುತ್ತೆ, ಸೀಸನ್‌ಗೆ 40 ಪ್ರೋಗ್ರಾಂ ಸಿಗುತ್ತೆ ಅಂತ ಇಟ್ಟುಕೊಂಡರೆ ವರ್ಷಕ್ಕೆ 60 ಸಾವಿರ. 75 ಸಾವಿರದ ಕೀಬೋರ್ಡ್ ಎರಡನೇ ಸೀಸನ್ ಶುರುವಿನಲ್ಲೇ ತೀರುತ್ತೆ. ಒಂದೂವರೆ ಲಕ್ಷದ್ದು ಮೂರನೇ ಸೀಸನ್ ಅರ್ಧ ದಾಟಿದ ಮೇಲೆ, ಅದೂ ಆ ದುಡ್ಡಿಂದ ಮನೆಗೆ ಒಂದು ರೂಪಾಯಿ ಕೊಡದೇ ಇದ್ದರೆ. ನಿಮ್ಮ ಅಂಕಿ ಹಾಕಿ ನೋಡಿ, ಉತ್ತರ ಬದಲಾಗಬಹುದು. ಸೌಂಡ್ಸ್ ಅಂಗಡಿ, ಸ್ಟುಡಿಯೋ ಇಟ್ಟವರು ಮುದ್ರಾ ಸಾಲ ಕೇಳಬಹುದು. 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಬ್ಯಾಂಕಿಗೆ ಹೋಗುವಾಗ ಅಂಗಡಿಯ ಕೊಟೇಶನ್ ಜತೆಗಿರಲಿ.

ಎರಡೂ ಕೆಲಸ ಮಾಡುವವರು ಮೊದಲು ಕೀಬೋರ್ಡನ್ನೇ ಕೊಳ್ಳುವುದು ಜಾಣತನ. ಯುಎಸ್‌ಬಿ ಮಿಡಿ ಇರುವ ಕೀಬೋರ್ಡನ್ನು ನಾಳೆ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಅದೇ ಕಂಟ್ರೋಲರ್ ಆಗುತ್ತೆ. 1983ರಲ್ಲಿ ಬಂದ ಮಿಡಿ ಪದ್ಧತಿ ಇವತ್ತಿಗೂ ನಡೆಯುತ್ತಿರುವುದರಿಂದ ಯಾವ ಕಂಪನಿಯ ಕೀಬೋರ್ಡ್ ಆದರೂ ನಡೆಯುತ್ತೆ. ಬರೀ ಕಂಟ್ರೋಲರ್ ಕೊಂಡರೆ ಅದು ತಾನಾಗಿ ಒಂದು ಸ್ವರವನ್ನೂ ಹೊರಡಿಸಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರು ಪ್ರತಿ ಮನೆಯನ್ನೂ ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ ಒತ್ತಿ. ಮೆಲ್ಲಗೆ ಒತ್ತಿದರೂ ಜೋರಾಗಿ ಕೂಗಿದರೆ ಒಳಗಿನ ರಬ್ಬರ್ ಕಾಂಟ್ಯಾಕ್ಟ್ ಸವೆದಿದೆ, ಇಲ್ಲ ಧೂಳು ಕೂತಿದೆ ಅಂತ ಅರ್ಥ. ಬೆಂಡರ್ ಬಿಟ್ಟಾಗ ಶ್ರುತಿ ಸರಿಯಾಗಿ ಮೂಲ ಜಾಗಕ್ಕೆ ಬರಬೇಕು. ಪರದೆಯ ನಾಲ್ಕೂ ಮೂಲೆ ಮುಟ್ಟಿ ನೋಡಿ. ಅರ್ಧ ಗಂಟೆ ಬಿಡದೆ ನುಡಿಸಿ, ಬಿಸಿಯಾದ ಮೇಲೆ ಕರ್ ಅನ್ನುವ ಸದ್ದು ಬರುತ್ತಾ ಕೇಳಿ. ಅಡಾಪ್ಟರ್ ಕಂಪನಿಯದ್ದೇನಾ ನೋಡಿ, ಮೂಲ ಬಿಲ್ಲು ಕೇಳಿ. ಆಗುವುದಾದರೆ ತಬಲದವರನ್ನೂ ಒಬ್ಬ ಹಾಡುಗಾರರನ್ನೂ ಜತೆಗೆ ಕರಕೊಂಡು ಹೋಗಿ, ಅವರ ಶ್ರುತಿಗೆ ಟ್ರಾನ್ಸ್‌ಪೋಸ್ ಮಾಡಿ ಒಂದು ರಂಗಗೀತೆ ಪೂರ್ತಿ ನುಡಿಸಿ ನೋಡಿ, ಅಡ್ವಾನ್ಸ್ ಕೊಡೋದು ಆಮೇಲೆ.