ದಿನಚರಿಯಿಂದ ವರದಿಗೆ

ಉಡುಪಿಯಿಂದ ದಕ್ಷಿಣಕ್ಕೆ ಹೊರಟವರಿಗೆ ಕಾಪುವಿಗಿಂತ ಮೊದಲು ಉದ್ಯಾವರವು ಎದುರಾಗುತ್ತದೆ. ಆಳುಪ ಅರಸರ ಉದಯಪುರವಿದು. ಇಲ್ಲಿಯ ಪ್ರಾಚೀನ ಕನ್ನಡ ಶಾಸನಗಳನ್ನು ಜರ್ಮನ್ ವಿದ್ವಾಂಸ ಹುಲ್ಷ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅರಸುಮನೆತನದ ಒಳಜಗಳದಲ್ಲಿ ಕಾದಿ ಮಡಿದ ಆಳುಗಳ ಹೆಸರುಗಳು ಆ ಕಲ್ಲುಗಳಲ್ಲಿವೆ. ಜಾಗ ಕಿರಿದಾದರೂ ಸತ್ತವನ ಹೆಸರನ್ನು ಕಲ್ಲುಕುಟಿಗನು ಬಿಟ್ಟಿಲ್ಲ.

ಈಚೆಗೆ ಈ ಊರಿನ ನೆಂಟರ ಮನೆಯಲ್ಲಿ ತಂಗಿದ್ದಾಗ, ನೌಕರಿಗಾಗಿ ಘಟ್ಟವಿಳಿದು ಬಂದ ನಮ್ಮ ಸಮಾಜಬಾಂಧವರ ಸಂಘವೊಂದರ ತರುಣ ಕಾರ್ಯದರ್ಶಿ ನನ್ನನ್ನು ಕಾಣಲು ಬಂದರು. ಕೈಯಲ್ಲಿ ವರ್ಷವಿಡೀ ಬರೆದ ದಿನಚರಿಯಿತ್ತು. ಮಹಾಸಭೆಗೆ ವಾರ್ಷಿಕ ವರದಿಯನ್ನು ಸಿದ್ಧಪಡಿಸಬೇಕಾಗಿತ್ತು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1854ರಲ್ಲಿ ಉಡುಪಿಗೂ ಬಂದರು. ಅವರ ವಾರ್ಷಿಕ ವರದಿಗಳು ಮಂಗಳೂರಿನ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದವು. ಹಣವಿತ್ತವರೂ ಅವುಗಳ ಓದುಗರೇ. ಅದೇ ಮಿಶನ್ನಿನ ಗುಂಡರ್ಟರು ತಮಗಾಗಿ ಬರೆದಿಟ್ಟ ದಿನಚರಿಯು 1983ರಲ್ಲಿ ಜರ್ಮನಿಯಲ್ಲಿ ಪುಸ್ತಕವಾಯಿತು. ಅದರಲ್ಲಿ ಜ್ವರ, ಪ್ರಯಾಣ, ಬಂದ ಕಾಗದ ಎಲ್ಲವೂ ಉಂಟು. ದಿನಚರಿಗೆ ಓದುಗನ ಹಂಗಿಲ್ಲ; ವರದಿಗೆ ಉಂಟು. ತೊಡಕು ಇರುವುದು ಅಲ್ಲಿಯೇ.

ಈ ಮಾತನ್ನು ನಾನು ಪಾಂಡಿತ್ಯದಿಂದ ಹೇಳುತ್ತಿಲ್ಲ. ನಲವತ್ತು ವರ್ಷಗಳ ಹಿಂದೆ ಒಂದು ಪ್ರಸಾದನಿಲಯದ ವರದಿಯನ್ನು ಬರೆಯುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಶ್ರಾವಣದಲ್ಲಿ ಅಕ್ಕಿ ತೀರಿ, ಮೂರು ದಿನ ಹುಡುಗರಿಗೆ ಒಪ್ಪೊತ್ತಿನ ಗಂಜಿಯಾಯಿತೆಂದು ನನ್ನ ದಿನಚರಿಯಲ್ಲಿತ್ತು. ವರದಿಯಲ್ಲಿ “ದಾಸೋಹವು ನಿರ್ವಿಘ್ನವಾಗಿ ಸಾಗಿತು” ಎಂದು ಬರೆದೆ. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಆದರೆ ಕೊರತೆಯಿಲ್ಲವೆಂದು ನಂಬಿದ ಸದ್ಭಕ್ತರು ಮರುವರ್ಷ ಭತ್ತದ ಚೀಲಗಳನ್ನು ಬೇರೆಡೆಗೆ ಕಳುಹಿಸಿದರು. ಆ ವರ್ಷ ಗಂಜಿಯ ದಿನಗಳು ಮೂರಕ್ಕೆ ನಿಲ್ಲಲಿಲ್ಲ. ತಪ್ಪು ನನ್ನದು.

ಆದುದರಿಂದ ತರುಣರಿಗೆ ಹೇಳಿದೆ: ಮೊದಲು ಲೇಖನಿ ಹಿಡಿಯದೆ ದಿನಚರಿಯನ್ನು ಆದ್ಯಂತ ಓದಿರಿ. ಬಳಿಕ ಹಣದ ಮಾತುಗಳನ್ನು ರೋಜುಕೀರ್ದಿಯೊಡನೆ, ಠರಾವುಗಳನ್ನು ನಡವಳಿ ಪುಸ್ತಕದೊಡನೆ ತಾಳೆ ನೋಡಿರಿ. ತಿಂಗಳವಾರು ಬರೆಯುತ್ತ ಹೋದರೆ ಓದುವವರಿಗೆ ಆಕಳಿಕೆ ಬರುತ್ತದೆ, ವಿಷಯವಾರು ಕೂಡಿಸಿರಿ. ಅತಿಥಿಗಳ ಪಟ್ಟಿಗೆ ಎರಡು ಸಾಲು ಸಾಕು. (ಹಾರ ಹಾಕಿಸಿಕೊಂಡವರು ಮುನಿಯಬಹುದು, ಮುನಿಯಲಿ.) ಹೇಳಿಯೂ ಮಾಡದೆ ಉಳಿದ ಕೆಲಸಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ತೆಗೆಯಿರಿ. ದಿನಚರಿಯಲ್ಲಿ ಅವು ಚದುರಿ ಬಿದ್ದಿರುತ್ತವೆ. ಒಂದೆಡೆ ಬಂದಾಗಲೇ ಅವುಗಳ ಭಾರ ತಿಳಿಯುವುದು.

ಅವರು ಹಾಗೆಯೇ ಮಾಡಿದರು. ಹಾಳೆಯಲ್ಲಿ ಒಂದೇ ಸಂಗತಿ ಐದು ಸಲ ಬಂದಿತು. ತಂದೆಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಕಾಲೇಜು ಶುಲ್ಕಕ್ಕೆ ನೆರವು ಕೇಳಿದ್ದಳು. ಅರ್ಜಿಯನ್ನು ಸಭೆಯಿಂದ ಸಭೆಗೆ ಮುಂದೂಡಲಾಗಿತ್ತು. ಐದನೆಯ ಬಾರಿ, ಅವಳು ಓದು ಬಿಟ್ಟಳೆಂದು ಬರೆದಿತ್ತು. ಕರಡು ವರದಿಯಲ್ಲಿದ್ದುದು “ವಿದ್ಯಾನಿಧಿಯು ವೃದ್ಧಿಯಾಗಿದೆ” ಎಂಬ ವಾಕ್ಯ. ಅದು ಸುಳ್ಳಲ್ಲ, ಕೊಡದೆ ಉಳಿದ ಹಣವೂ ವೃದ್ಧಿಯೇ!

“ಇದನ್ನೆಲ್ಲ ಬರೆದರೆ ಸಂಘದ ಮರ್ಯಾದೆ ಏನಾದೀತು, ಗುರುಗಳೆ?” ಎಂದರು.

“ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರಲ್ಲವೇನಪ್ಪ? ಲೆಕ್ಕ ಒಪ್ಪಿಸುವುದರಲ್ಲಿ ನಮಗೇಕೆ ನಾಚಿಕೆ?” ಎಂದೆ.

ಹುಡುಗಿಯ ಹೆಸರು ಬರೆಯುವುದು ಬೇಡವೆಂದು ಇಬ್ಬರೂ ಒಪ್ಪಿದೆವು. ಅರ್ಜಿ ಬಂದ ತಿಂಗಳು, ಮುಂದೂಡಿದ ಸಭೆಗಳು, ನಿಧಿಯಲ್ಲಿ ಆಗ ಇದ್ದ ಮೊತ್ತ ಇಷ್ಟನ್ನು ಅವರು ವಿದ್ಯಾನಿಧಿಯ ವಾಕ್ಯದ ಕೆಳಗೇ ಬರೆದರು. ಮಹಾಸಭೆಗೆ ಇನ್ನೂ ಒಂಬತ್ತು ದಿನಗಳಿದ್ದವು. ಅವಳ ತಾಯಿಯ ಮನೆ ಎಲ್ಲಿದೆಯೆಂದು ವಿಚಾರಿಸಲು ಅಂದು ಸಂಜೆಯೇ ಹೊರಟರು.