ಹದಿನೇಳು ಮಿಲಿಮೀಟರ್ ಮಳೆಯ ಜಲಾಶಯ

ತುಮಕೂರು ಜಿಲ್ಲೆಯ ಒಟ್ಟು ವಿಸ್ತೀರ್ಣ 10,597 ಚದರ ಕಿಲೋಮೀಟರ್. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ನೀರು ಹರಿದುಬರುವ ಪ್ರದೇಶವೇ 4,103 ಚದರ ಕಿಲೋಮೀಟರ್. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಹೊಳೆ ಗುಬ್ಬಿ ಸೀಮೆಯ ಕಡಬ ಕೆರೆಯನ್ನು ಹಾಯ್ದು, ಹಳ್ಳಕೊಳ್ಳಗಳನ್ನೆಲ್ಲ ಕೂಡಿಸಿಕೊಂಡು ಇಲ್ಲಿಗೆ ಬಂದು ನಿಲ್ಲುತ್ತದೆ. ನಿಂತ ಮೇಲೆ ಹಿಡಿಸುವುದೆಷ್ಟು? 2.4 ಟಿಎಂಸಿ. ಕನ್ನಂಬಾಡಿಯ 49 ಟಿಎಂಸಿ ಮುಂದೆ ಇದು ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ.

ಜಲಾಶಯ ಹಿಡಿಸುವ ನೀರನ್ನು ಅದು ಹರಿದುಬರುವ ಪ್ರದೇಶದಿಂದ ಭಾಗಿಸಿ ನೋಡಿ. 2.4 ಟಿಎಂಸಿ ಅಂದರೆ 6.8 ಕೋಟಿ ಘನ ಮೀಟರ್. ಅದನ್ನು 4,103 ಚದರ ಕಿಲೋಮೀಟರ್ ನೆಲದ ಮೇಲೆ ಸಮನಾಗಿ ಹರಡಿದರೆ ನೀರಿನ ಎತ್ತರ ಬರೀ 17 ಮಿಲಿಮೀಟರ್. ಬೆರಳಿನ ಅಗಲ, ಅಷ್ಟೆ. ಹವಾಮಾನ ಇಲಾಖೆ ‘ಭಾರೀ ಮಳೆ’ ಎನ್ನುವುದು ದಿನಕ್ಕೆ 64.5 ಮಿಲಿಮೀಟರ್ ದಾಟಿದಾಗ. ಅಂಥದ್ದೊಂದು ಮಳೆ ಈ ಸೀಮೆಯಲ್ಲೆಲ್ಲ ಒಂದೇ ದಿನ ಸುರಿದು, ಒಂದು ಹನಿಯೂ ಇಂಗದೆ ಹರಿದುಬಂದಿತೆನ್ನಿ: ಹೆಚ್ಚುಕಮ್ಮಿ ನಾಲ್ಕು ಮಾರ್ಕೋನಹಳ್ಳಿ ತುಂಬುವಷ್ಟು ನೀರು! ನಿಜದಲ್ಲಿ ಹಾಗಾಗುವುದಿಲ್ಲ. ನೆಲ ಕುಡಿಯುತ್ತದೆ, ದಾರಿಯ ಕೆರೆಗಳು ತಡೆದುಕೊಳ್ಳುತ್ತವೆ. ಜಲಾಶಯ ವರ್ಷಗಟ್ಟಲೆ ತುಂಬದೆ ಬಾಯಿ ಬಿಟ್ಟುಕೊಂಡು ಕೂತದ್ದೂ ಉಂಟು. ಆದರೆ ಮೇಲಿನ ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ ಲೆಕ್ಕ ತಿರುಗಿಬೀಳುತ್ತದೆ. ನಡುರಾತ್ರಿ ಹೊಳೆ ಬಂದರೆ ಗೇಟು ಎತ್ತಲು ಯಾರು ಓಡಿಬರಬೇಕು?

ಯಾರೂ ಬರಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಅಣೆಕಟ್ಟಿನ ಕಲ್ಲಿನ ಭಾಗ 139 ಮೀಟರ್, ಅಕ್ಕಪಕ್ಕದ ಮಣ್ಣಿನ ಏರಿ 1,470 ಮೀಟರ್, ಎರಡೂ ಸೇರಿ ಸರಿಯಾಗಿ ಒಂದು ಮೈಲಿ. ಆ ಮೈಲಿಯನ್ನು ಕಾಯುವುದು ಎರಡು ಸ್ವಯಂಚಾಲಿತ ಸೈಫನ್.

ಪೀಪಾಯಿಯ ಡೀಸೆಲ್ ತೆಗೆಯಲು ಪೈಪಿಗೆ ಬಾಯಿಟ್ಟು ಎಳೆದವರಿಗೆ ಸೈಫನ್ ಹೊಸದಲ್ಲ. ಇಲ್ಲಿ ಎಳೆಯುವ ಬಾಯಿ ನೀರಿನದೇ. ಜಲಾಶಯದೊಳಗೆ ಆಲಿಕೆಯಂಥ ದೊಡ್ಡ ಬಾಯಿ, ಅದರ ಮೇಲೆ ಕವುಚಿದ ಗುಮ್ಮಟ. ನೀರು 731.57 ಮೀಟರ್ ಮಟ್ಟ ದಾಟಿದೊಡನೆ ಆಲಿಕೆಯ ಅಂಚಿನಿಂದ ತೆಳ್ಳಗೆ ಒಳಗೆ ಇಳಿಯುತ್ತದೆ. ಒಳಗೋಡೆಯಲ್ಲಿ ಸುರುಳಿಯಾಗಿ ಕೂರಿಸಿದ ಬಾಗು ಪಟ್ಟಿಗಳು ಅದನ್ನು ತಿರುಗಿಸುತ್ತವೆ. ತಿರುಗುವ ನೀರು ಸುಳಿಯಾಗಿ, ಗುಮ್ಮಟದೊಳಗಿನ ಗಾಳಿಯನ್ನು ತನ್ನ ಜೊತೆ ಕೆಳಕ್ಕೆ ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದ ಮೇಲೆ ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ನೂಕುತ್ತದೆ, ಅದು ಕೊಳವೆ ತುಂಬ ಹರಿಯತೊಡಗುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ನುಗ್ಗುತ್ತದೆ, ಹರಿವು ನಿಲ್ಲುತ್ತದೆ. ಮೋಟರಿಲ್ಲ, ಸರಪಳಿಯಿಲ್ಲ, ಆಪರೇಟರ್ ಇಲ್ಲ.

ಇದರ ಬಲ ಎಷ್ಟು? ಸಾದಾ ಕೋಡಿಯ ಮೇಲೆ ಒಂದಡಿ ನೀರು ಹಾಯುವಾಗ ಪ್ರತಿ ಮೀಟರ್ ಉದ್ದಕ್ಕೆ ಸೆಕೆಂಡಿಗೆ ಹರಿಯುವುದು 300 ಲೀಟರ್ ಆಸುಪಾಸು. ಸೈಫನ್ನಿನ ನೀರು ಹತ್ತು ಮೀಟರ್ ಕೆಳಗೆ ಇಳಿಯುವಂತಿದ್ದರೆ ವೇಗ ಗಂಟೆಗೆ 50 ಕಿಲೋಮೀಟರ್. ತಿರುವುಗಳಲ್ಲಿ ಮೂರನೇ ಒಂದು ಪಾಲು ಕಳೆದರೂ ಒಂದು ಚದರ ಮೀಟರ್ ಕೊಳವೆಯಿಂದ ಸೆಕೆಂಡಿಗೆ 9,000 ಲೀಟರ್. ಮೂವತ್ತು ಮೀಟರ್ ಉದ್ದದ ಕೋಡಿ ಮಾಡುವ ಕೆಲಸವನ್ನು ಒಂದು ಬಾಗಿಲಿಗಿಂತ ಚಿಕ್ಕ ಕಿಂಡಿ ಮಾಡುತ್ತದೆ!

ಇಂಥ ಸಂಗತಿಗಳನ್ನು ಕನ್ನಡದಲ್ಲಿ ಹೇಳಲೆಂದೇ ನಮ್ಮೂರು ಬೆಳ್ಳಾವಿಯ ಹೆಸರು ಹೊತ್ತ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಅವರನ್ನು ಊರಿನ ಜನ ನೆನೆಯುತ್ತಾರೆ. ಆದರೆ ಈ ಸೈಫನ್ ಮಾಡಿದವರ ಹೆಸರು ಕೇಳಿ, ಹತ್ತರಲ್ಲಿ ಒಂಬತ್ತು ಮಂದಿ ವಿಶ್ವೇಶ್ವರಯ್ಯ ಎನ್ನುತ್ತಾರೆ. ಎಂಜಿನಿಯರಿಂಗ್ ಪಠ್ಯಪುಸ್ತಕಗಳು ಈ ಸುರುಳಿ ಸೈಫನ್ನಿಗೆ ಕೊಡುವ ಹೆಸರು ಬೇರೆ: ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿಗೆ ಇದೇ ಜಾತಿಯ ಹನ್ನೊಂದು ಸೈಫನ್, ಒಂದೊಂದರ ವ್ಯಾಸ 18 ಅಡಿ. 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟೆಯೇ ಮುಳುಗಿತು. ಬಿರುಬೇಸಿಗೆಯಲ್ಲಿ ನೀರಿಳಿದಾಗ ಸೈಫನ್‌ಗಳು ತಲೆ ಎತ್ತುತ್ತವೆ, ಜನ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಕಟ್ಟಿದವರ ಹೆಸರು ಮರೆಯದಿರಲೆಂದು ಸ್ಕಾಟ್ಲೆಂಡಿನವರು ತಮ್ಮ ನಾಡಿನ ವಾಸ್ತುಶಿಲ್ಪಿಗಳಿಗೆಂದು ಒಂದು ಕೋಶವನ್ನೇ ಮಾಡಿಟ್ಟಿದ್ದಾರೆ. ಯಾವುದೋ ಸಣ್ಣ ಊರಿನಲ್ಲಿ ಶಾಲೆ ಕಟ್ಟಿದವನಿಗೂ ಅದರಲ್ಲಿ ಒಂದು ಪುಟ. 15,000 ಎಕರೆಗೆ ನೀರುಣಿಸುವ ಮಾರ್ಕೋನಹಳ್ಳಿಯ ಏರಿಯ ಮೇಲೆ ಗಣೇಶ ಅಯ್ಯರ್ ಹೆಸರಿನ ಒಂದು ಕಲ್ಲು ನಿಲ್ಲಿಸುವುದು ನೀರಾವರಿ ಇಲಾಖೆಗೆ ಹೊರೆಯೇನಲ್ಲ.

ಜೊತೆಗೆ ಇನ್ನೊಂದು ಫಲಕವೂ ಬೇಕು. ಕಾವಲುಗಾರನಿಲ್ಲದ ಯಂತ್ರ ತಾನಾಗಿ ಯಾರನ್ನೂ ಎಚ್ಚರಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಸೈಫನ್ ಹಠಾತ್ತನೆ ಹರಿದು, ಕೆಳಗೆ ನೀರಿಗಿಳಿದಿದ್ದ ಒಂದೇ ಬಂಧುಬಳಗದ ಹಲವರು ಕೊಚ್ಚಿಹೋದರು. ಜಲಾಶಯ ತುಂಬಿದೆ ಎಂದು ಕೇಳಿದರೆ ಖಂಡಿತ ಹೋಗಿ ನೋಡಿ, ಮಕ್ಕಳನ್ನೂ ಕರೆದೊಯ್ಯಿರಿ. ನೋಡುವುದು ಏರಿಯ ಮೇಲಿಂದ ಇರಲಿ, ಹೊಳೆಗೆ ಮಾತ್ರ ಇಳಿಯಬೇಡಿ.