ಹಳೆಯ ಸೈಕಲ್ಲಿನ ಕಿರುಗುಟ್ಟು: ನಿದಾನವೂ ಚಿಕಿತ್ಸೆಯೂ

ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಹಳತಾದ ಮೌಂಟನ್ ಬೈಕು ಕಿರುಗುಟ್ಟತೊಡಗಿದಾಗಲೂ ಇದೇ ಕ್ರಮವು ಯುಕ್ತವೆಂದು ನಾವು ಗೃಹಸ್ಥರಿಗೆ ನಿವೇದಿಸುತ್ತೇವೆ. ಕಂಡಲ್ಲೆಲ್ಲ ಎಣ್ಣೆ ಸುರಿಯಲಾಗದು. ಅದು ಬ್ರೇಕಿಗೆ ತಗಲಿದರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರವು.

ಈ ಸದ್ದು ಪ್ರಾಯಶಃ ಒಣಗಿದ ಅಥವಾ ಸಡಿಲಿದ ಕೂಡುಗೆಯಲ್ಲಿ ಹುಟ್ಟುವುದು. ಸೀಟಿನಿಂದ ಎದ್ದುನಿಂತು ತುಳಿದಾಗ ಅಡಗಿದರೆ, ದೋಷವು ಸೀಟಿನಲ್ಲಿ ಇಲ್ಲವೆ ಅದರ ಕಂಬದಲ್ಲಿರುವುದು ಸಂಭವ. ತುಳಿಯುವುದನ್ನು ನಿಲ್ಲಿಸಿದೊಡನೆ ಅಡಗಿದರೆ ಪೆಡಲು, ಕ್ರ್ಯಾಂಕು, ನಡುವಣ ಅಚ್ಚು ಇವುಗಳನ್ನು ಶಂಕಿಸತಕ್ಕದ್ದು. ನಿಂತ ಸೈಕಲ್ಲಿನ ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಅಲುಗಿಸಿದಾಗ ಕೇಳಿಸಿದರೆ ಹ್ಯಾಂಡಲಿನ ಕೂಡುಗೆಗಳನ್ನು ನೋಡಬೇಕು.

ದೋಷಸ್ಥಾನವು ಗೊತ್ತಾದಮೇಲೆ ಆ ಲೋಹದ ಭಾಗವನ್ನು ಬಿಚ್ಚಿ, ಒರೆಸಿ, ತೆಳ್ಳಗೆ ಗ್ರೀಸು ಸವರಿ ಬಿಗಿಯುವುದೇ ಚಿಕಿತ್ಸೆ. ಎಡಪೆಡಲಿನ ತಿರುಪು ಮಾತ್ರ ವಿಪರೀತವಾದುದು. ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಅದು ಬಿಚ್ಚುವುದು. ಸಡಿಲವಾದ ಕ್ರ್ಯಾಂಕಿನಲ್ಲೇ ಸವಾರಿ ಮಾಡಿದರೆ ಅದರ ರಂಧ್ರವು ಸವೆದು, ಆಮೇಲೆ ಎಷ್ಟು ಬಿಗಿದರೂ ನಿಲ್ಲದು.

ಇಷ್ಟಾದರೂ ಸದ್ದು ಉಳಿದರೆ ಚೌಕಟ್ಟಿನ ಬೆಸುಗೆಗಳನ್ನು ಶುಚಿಮಾಡಿ, ಹಗಲು ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸೈಕಲ್ಲನ್ನು ಮಕ್ಕಳ ಕೈಗೆ ಕೊಡಲಾಗದು. ಬಲ್ಲ ಕುಶಲಕರ್ಮಿಗೆ ತೋರಿಸುವವರೆಗೆ ಅದು ಗೋಡೆಗೊರಗಿ ನಿಂತಿರಲಿ.